ಬೋರಲು ಇಟ್ಟ ಪ್ರೂಫ್

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಪ್ರೆಸ್ ಇದೆ. ಬಹಳ ಕಾಲ ಅದನ್ನು ನಡೆಸಿದ ಹೆಂಗಸು ಕಳೆದ ಸಂಕ್ರಾಂತಿಗೆ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿ ಕುಳಿತರು. ಸುದ್ದಿಮನೆಯ ಅಳತೆಯಲ್ಲಿ ಇದು ಒಳಪುಟದ ಮೂಲೆಗೂ ಸಲ್ಲುವ ವಿಷಯವಲ್ಲ. ಆದರೂ ಬರೆಯುತ್ತಿದ್ದೇನೆ. ಬರೆಯಲೇ ಎಂದು ಕೇಳಿದಾಗ ಅವರು ಹಾಕಿದ್ದು ಒಂದೇ ಷರತ್ತು.

"ನನ್ನ ಹೆಸ್ರು ಬ್ಯಾಡ. ಹೆಸ್ರು ಬಂತು ಅಂದ್ರೆ ಪ್ರೂಫ್ ನಾನೇ ನೋಡ್ಬೇಕು. ನಿಮ್ಮ ಪೇಪರಿನೋರು ಅದಕ್ಕೆ ಬಿಡಲ್ಲ."

ಹಾಗಾಗಿ ಇಲ್ಲಿ ಅವರು ಹೆಸರಿಲ್ಲದೆ ಬರುತ್ತಾರೆ. ಉಳಿದವರ ಹೆಸರು ಬದಲಿಸಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೇ, ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ನಾನು ಆಗ ಚಿತ್ರದುರ್ಗದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಫೋಟೋ ಸ್ಟುಡಿಯೋ ಇಟ್ಟಿದ್ದ ಗೆಳೆಯ ತಿಪ್ಪೇಸ್ವಾಮಿ ವ್ಯಾಪಾರಸ್ಥರನ್ನು ಸೇರಿಸಿ ಒಂದು ಗುಂಪು ಕಟ್ಟಿದ್ದ. ಪ್ರತಿ ಗುರುವಾರ ಬೆಳಿಗ್ಗೆ, ಅಂಗಡಿಗಳು ಬಾಗಿಲು ತೆರೆಯುವ ಮುಂಚೆ, ಹೋಟೆಲೊಂದರ ಮಹಡಿಯಲ್ಲಿ ಸಭೆ. ಒಂದು ಕಸುಬಿಗೆ ಒಬ್ಬರೇ ಸದಸ್ಯರು. ಶಾಮಿಯಾನದವರು ಒಬ್ಬರು, ಅಡುಗೆ ಕಂಟ್ರಾಕ್ಟರು ಒಬ್ಬರು, ಟೈಲ್ಸ್ ಅಂಗಡಿಯವರು ಒಬ್ಬರು, ಹೀಗೆ. ಪ್ರತಿಯೊಬ್ಬರೂ ಎದ್ದು ನಿಂತು ಒಂದು ನಿಮಿಷದಲ್ಲಿ ತಮ್ಮ ವ್ಯಾಪಾರದ ಬಗ್ಗೆ ಹೇಳಬೇಕು. ಆಮೇಲೆ ತಮಗೆ ಗೊತ್ತಿರುವ ಗಿರಾಕಿಗಳ ಹೆಸರು, ಫೋನ್ ನಂಬರನ್ನು ಒಬ್ಬರಿಗೊಬ್ಬರು ಕೊಡಬೇಕು. ಇದಕ್ಕೆ ಅವರು ಲೀಡ್ ಎನ್ನುತ್ತಿದ್ದರು. ಲೀಡ್ ಕೊಡದವರು ಯುಗಾದಿಯಲ್ಲಿ ಸದಸ್ಯತ್ವ ಹೊಸದಾಗುವಾಗ ಜಾಗ ಖಾಲಿ ಮಾಡಬೇಕು. ಇದು ನಿಯಮ.

ನಿಯಮ ಬಿಗಿಯಾಗಿದ್ದುದರಿಂದ ಲೀಡುಗಳಿಗೆ ಬರವಿರಲಿಲ್ಲ. ಅವು ಕೆಲಸವಾಗಿ ಕೈಗೆ ಬರುವುದು ಮಾತ್ರ ಅಪರೂಪ. ಒಮ್ಮೆ ಟೈಲ್ಸ್ ಅಂಗಡಿಯವರಿಗೆ ಸಿಕ್ಕ ನಂಬರು ಅವರ ಸ್ವಂತ ಷಡ್ಡಕನದಾಗಿತ್ತು. ಹಿರಿಯೂರಿನಿಂದ ಬರುತ್ತಿದ್ದ ಶಾಮಿಯಾನದ ರುದ್ರಣ್ಣನಿಗೆ ಸಿಕ್ಕ ಮದುವೆ ಮನೆಯ ವಿಳಾಸಕ್ಕೆ ಹೋಗಿ ನೋಡಿದರೆ ಅಲ್ಲಿ ಬಾಣಂತನ ನಡೆಯುತ್ತಿತ್ತು.

"ತೊಟ್ಲು ತೂಗಿ ಬಂದೆ ಕಣ್ರಪ್ಪ" ಎಂದು ಅವನು ಮುಂದಿನ ಗುರುವಾರ ಸಭೆಗೆ ವರದಿ ಒಪ್ಪಿಸಿದ.

ಹೋಳಿಗೆಯ ತಟ್ಟೆಯೊಳಗೆ ನೊಣ ಬಿದ್ದರೂ ನಗುವ ಜನ ಅವರು. ಆ ನಗುವಿನ ನಡುವೆ ಹೊಳಲ್ಕೆರೆಯ ಮೊದಲ ಬಸ್ಸಿಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ನಗದೆ ಕೂರುತ್ತಿದ್ದವರು ಪ್ರೆಸ್ಸಿನ ಈ ಹೆಂಗಸೊಬ್ಬರೇ. ಎಲ್ಲರೂ 'ಅಕ್ಕ' ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಅಕ್ಕ ಗುಂಪಿಗೆ ಸೇರಿದ್ದು ಕಷ್ಟ ಬಂದದ್ದಕ್ಕೆ. ಫೋನಿನಲ್ಲೇ ಆಮಂತ್ರಣ ಕಳಿಸುವ ರೂಢಿ ಹಬ್ಬುತ್ತಿತ್ತು. ಊರಿಗೆಲ್ಲ ಪತ್ರಿಕೆ ಹಂಚುತ್ತಿದ್ದ ಮನೆಗಳು ಹತ್ತಿರದ ನೆಂಟರಿಗಷ್ಟೇ ಅಚ್ಚು ಹಾಕಿಸುತ್ತಿದ್ದವು. "ಫೋನಿನ ಪತ್ರಿಕೆಗೆ ನಾಲ್ಕು ಮೂಲೆಗೆ ಅರಿಶಿಣ ಹಚ್ಚಾಕಾಗುತ್ತೇನ್ರಿ?" ಎಂದು ಅಕ್ಕ ಕೇಳುತ್ತಿದ್ದರು. ಕೇಳಿದ ಮಾತ್ರಕ್ಕೆ ಕೆಲಸ ಬರುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಮಿಷನ್ ಓಡಿಸುವ ಒಬ್ಬರು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಶಬಾನಾ ಎಂಬ ಹುಡುಗಿ, ಇಬ್ಬರೂ ಅವರನ್ನೇ ನಂಬಿದ್ದರು. ಸ್ವೀಟ್ ಅಂಗಡಿಯ ಡಬ್ಬಿ, ಬಟ್ಟೆ ಅಂಗಡಿಯ ಕೈಚೀಲ, ಚೀಟಿ, ಲೇಬಲ್, ಇಂಥವು ಗುಂಪಿನಿಂದ ಸಿಕ್ಕರೆ ಪ್ರೆಸ್ ಉಳಿಯುತ್ತದೆ ಎಂಬುದು ಅಕ್ಕನ ಆಸೆ. "ಬರೋ ಸೀಜನ್ನೂ ಹಿಂಗೇ ಆದ್ರೆ ಮಿಷನ್ ಮಾರ್ಬೇಕಾಗುತ್ತೆ" ಎಂದು ನನ್ನ ಹತ್ತಿರ ಹೇಳಿದ್ದರು. ಹವಾಮಾನ ಹೇಳುವ ದನಿಯಲ್ಲಿ ಹೇಳಿದ್ದರು.

ಗುಂಪಿನ ಆಸೆ ಬೇರೆಯಿತ್ತು. ಮದುವೆಯ ವಿಷಯ ಛತ್ರದವರಿಗಿಂತ, ಅಡುಗೆಯವರಿಗಿಂತ ಮುಂಚೆ ಗೊತ್ತಾಗುವುದು ಪತ್ರಿಕೆ ಅಚ್ಚು ಹಾಕುವವರಿಗೆ. "ಅಕ್ಕನ ಟೇಬಲ್ ಮ್ಯಾಲೆ ಅರ್ಧ ಜಿಲ್ಲೆ ಮದ್ವೆ ಬಿದ್ದಿರ್ತಾವೆ ಕಣಣ್ಣ" ಎಂದು ತಿಪ್ಪೇಸ್ವಾಮಿ ನನಗೆ ಹೇಳಿದ್ದ. ಅವನು ಅವರನ್ನು ಸೇರಿಸಿಕೊಂಡದ್ದೇ ಅದಕ್ಕೆ.

ಅಕ್ಕನ ಒಂದು ನಿಮಿಷ ಹೀಗಿರುತ್ತಿತ್ತು: ಎದ್ದು ನಿಲ್ಲುವರು. "ನಮ್ದು ಹೊಳಲ್ಕೆರೆ. ಪತ್ರಿಕೆ ಅಚ್ಚು ಹಾಕ್ತೀವಿ. ಡಬ್ಬಿ, ಚೀಲನೂ ಹಾಕ್ತೀವಿ. ಚೆನ್ನಾಗಿ ಹಾಕ್ತೀವಿ." ಕುಳಿತುಬಿಡುವರು. ಗಡಿಯಾರ ಹಿಡಿದವನು ಗಂಟೆ ಬಾರಿಸಲು ಕಾಯುತ್ತಲೇ ಇರುತ್ತಿದ್ದ. ಲೀಡ್ ಕೊಡುವ ಸರದಿ ಬಂದಾಗ ಇನ್ನೂ ಚಿಕ್ಕ ಮಾತು: "ಈ ವಾರ ಇಲ್ರಿ."

ಕೆಲವು ವಾರ ಸಹಿಸಿಕೊಂಡ ತಿಪ್ಪೇಸ್ವಾಮಿ ಒಂದು ದಿನ ಎಲ್ಲರೆದುರೇ ಕೇಳಿದ.

"ಅಕ್ಕ, ಇಲ್ಲ ಅಂದ್ರೆ ಹೆಂಗೆ? ಪ್ರೆಸ್ಸಿಗೆ ಬಂದ ಮದ್ವೆ ಹೆಸ್ರು ಒಂದೊಂದು ಹೇಳ್ರಿ ಸಾಕು. ನೀವೇನು ಕಳ್ಕಂತೀರಿ?"

"ಪತ್ರಿಕೆ ಅಚ್ಚಾದ ಮ್ಯಾಲೆ ಮೊದಲ್ನೇದು ಎಲ್ಲಿಡ್ತಾರಪ್ಪ?"

"ಮನೆದೇವ್ರ ಮುಂದೆ."

"ದೇವ್ರಿಗೂ ಮುಂಚೆ ನಿನ್ನ ಮುಂದೆ ಇಡ್ಲಾ?"

ಸಭೆ ನಕ್ಕಿತು. ತಿಪ್ಪೇಸ್ವಾಮಿಯೂ ನಕ್ಕ. ಆದರೆ ಯುಗಾದಿ ಹತ್ತಿರವಾಗುತ್ತಿತ್ತು. ನಿಯಮ ನಗುತ್ತಿರಲಿಲ್ಲ.

ಅವರ ಕೆಲಸದ ರೀತಿಯನ್ನು ನಾನು ಅಂಗಡಿಯಲ್ಲೇ ಕೂತು ನೋಡಿದ್ದೇನೆ. ಪ್ರೂಫನ್ನು, ಅಂದರೆ ತಿದ್ದಲು ತೆಗೆದ ಮೊದಲ ಪ್ರತಿಯನ್ನು, ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು. ಮೇಲಿನಿಂದ ಓದಿದರೆ ಮದುವೆ ಕಾಣುತ್ತದೆ, ಕೆಳಗಿನಿಂದ ಓದಿದರೆ ತಪ್ಪು ಕಾಣುತ್ತದೆ ಎನ್ನುತ್ತಿದ್ದರು. ಯಾರದೇ ಮದುವೆಗೆ ಹೋದರೂ ಊಟಕ್ಕೆ ಮುಂಚೆ ಪತ್ರಿಕೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ, ಬೇರೆ ಪ್ರೆಸ್ಸಿನದಾಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಆ ವಿಷಯದಲ್ಲಿ ದೊಡ್ಡ ಮನಸ್ಸಿನವರೇನಲ್ಲ. ಅಂಗಡಿಗೆ ಯಾರೇ ಕಾಲಿಟ್ಟರೂ ಅವರ ಕೈ ತಾನಾಗಿ ಮುಂದೆ ಹೋಗಿ ಮೇಜಿನ ಮೇಲಿನ ಪ್ರೂಫನ್ನು ಬೋರಲು ಹಾಕುತ್ತಿತ್ತು. ಬಂದವನು ಟೀ ತರುವ ಹೋಟೆಲಿನವನಾದರೂ ಅಷ್ಟೇ, ನಾನಾದರೂ ಅಷ್ಟೇ.

ಒಂದು ದಿನ ಮಾತ್ರ ಆ ಕೈ ಅಲ್ಲಿರಲಿಲ್ಲ.

ಹೊಸದುರ್ಗಕ್ಕೆ ಯಾವುದೋ ಕೆಲಸಕ್ಕೆ ಹೊರಟಿದ್ದ ತಿಪ್ಪೇಸ್ವಾಮಿ ದಾರಿಯಲ್ಲಿ ಪ್ರೆಸ್ಸಿಗೆ ಹೋಗಿದ್ದಾನೆ. ಅಕ್ಕ ಒಳಗೆ ಮಿಷನ್ ಹತ್ತಿರ ಇದ್ದರಂತೆ. ಮೇಜಿನ ಮೇಲೆ ಭರಮಸಾಗರದ ಒಂದು ಮದುವೆಯ ಪ್ರೂಫು, ಕೆಳಗೆ ಒಂದು ಫೋನ್ ನಂಬರು. ಅವನು ನಂಬರನ್ನು ಮನಸ್ಸಿನಲ್ಲಿಟ್ಟುಕೊಂಡು, ಹೊರಗೆ ಬಂದು ಫೋನ್ ಮಾಡಿದ. ಇದನ್ನು ಅವನೇ ನನಗೆ ಹೇಳಿದ್ದು.

"ನಮಸ್ಕಾರ ಸಾರ್, ಮದ್ವೆ ಮನೆಯವ್ರಾ? ಫೋಟೋ, ವೀಡಿಯೋ ಯಾರಿಗಾದ್ರೂ ಹೇಳಿದಿರಾ?"

"ಯಾರ್ ಮದ್ವೆ?"

ತಿಪ್ಪೇಸ್ವಾಮಿ ಹುಡುಗಿಯ ಹೆಸರು ಹೇಳಿದ. ತಾರೀಖೂ ಹೇಳಿದ.

ಆ ಕಡೆ ಕುರಿಗಳ ಸದ್ದು ಕೇಳಿಸುತ್ತಿತ್ತಂತೆ. ಆ ಮನುಷ್ಯ, "ನಮ್ಮಕ್ಕನ ಮಗಳ ಮದ್ವೇನ ನನಗೆ ಫೋಟೋದೋನು ಹೇಳ್ಬೇಕೇನಲೇ?" ಎಂದು ಫೋನಿಟ್ಟ.

ಆ ನಂಬರು ಹುಡುಗಿಯ ಸೋದರಮಾವ ಈರಣ್ಣನದು. ಅವನು ಕುರಿ ಮಂದೆಯ ಜೊತೆ ದೂರದಲ್ಲಿದ್ದಾಗ ಸಂಬಂಧ ಕುದುರಿ, ಮದುವೆಯ ದಿನವೂ ಗೊತ್ತಾಗಿತ್ತು. ಹುಡುಗಿಯನ್ನು ಹಸೆಗೆ ಕರೆತರುವವನು ಸೋದರಮಾವ. ಅವನಿಗೆ ಫೋನಿನಲ್ಲಿ ಹೇಳುವ ಹಾಗಿಲ್ಲ; ಅವನಿರುವಲ್ಲಿಗೆ ಹೋಗಿ, ಎಲೆ ಅಡಿಕೆ ಕೊಟ್ಟು ಹೇಳಬೇಕು. ಹುಡುಗಿಯ ತಂದೆ ಕರಿಯಪ್ಪ ಸೋಮವಾರ ಹೊರಡುವವನಿದ್ದ. ಅಷ್ಟರೊಳಗೆ ಪತ್ರಿಕೆಯ ಕೆಲಸ ಮುಗಿಯಲೆಂದು ಪ್ರೆಸ್ಸಿಗೆ ಕೊಟ್ಟ. ಭಾಮೈದನಿಗೆ ಗೌರವ ಇರಲೆಂದು ಅವನದೇ ನಂಬರು ಹಾಕಿಸಿದ. ಈಗ ಭಾಮೈದ ಮದುವೆಗೆ ಕಾಲಿಡುವುದಿಲ್ಲ ಎಂದು ಹುಡುಗಿಯ ತಾಯಿಗೆ ಹೇಳಿ ಕಳಿಸಿದ್ದ. ಆ ತಾಯಿ ಒಲೆ ಹಚ್ಚುವುದು ಬಿಟ್ಟಿದ್ದಳು. ಗಂಡಿನ ಕಡೆಯವರು, ಮೊದಲು ನಿಮ್ಮ ಮನೆಯದು ಸರಿ ಮಾಡಿಕೊಳ್ಳಿ, ಆಮೇಲೆ ಮುಂದಿನ ಮಾತು ಎಂದಿದ್ದರು.

ಕರಿಯಪ್ಪ ನೇರವಾಗಿ ಹೊಳಲ್ಕೆರೆಗೆ ಬಂದ. ಫೋನ್ ಮಾಡಿದವನು ಫೋಟೋದವನು ಎಂದು ಕೇಳಿದ ಕೂಡಲೇ ಅಕ್ಕ ತಿಪ್ಪೇಸ್ವಾಮಿಗೆ ಫೋನ್ ಮಾಡಿ, "ಕಾರ್ ತಗಂಡು ಬಾ" ಎಂದರು. ಬೈದಿದ್ದರೆ ವಾಸಿಯಿತ್ತು ಎಂದು ಅವನು ದಾರಿಯುದ್ದಕ್ಕೂ ನನಗೆ ಹೇಳುತ್ತಿದ್ದ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಹತ್ತಿಸಿಕೊಂಡಿದ್ದ. ಪ್ರೆಸ್ಸಿನ ಮುಂದೆ ನನ್ನನ್ನು ನೋಡಿದ ಅಕ್ಕ, "ನೀವೂ ಬರ್ರಿ. ಬರೀಬ್ಯಾಡ್ರಿ" ಎಂದರು. ನಾನು ಬರೆಯಲಿಲ್ಲ. ಈಗ ಬರೆಯುತ್ತಿರುವುದು ಅವರೆಲ್ಲರ ಒಪ್ಪಿಗೆ ಪಡೆದು.

ಈರಣ್ಣ ಇದ್ದದ್ದು ಹೊಸದುರ್ಗದಾಚೆ ಮತ್ತೋಡಿನ ಹತ್ತಿರ, ಒಂದು ತೆಂಗಿನ ತೋಟದಲ್ಲಿ. ತೋಟಕ್ಕೆ ಗೊಬ್ಬರವಾಗಲೆಂದು ಮಾಲೀಕರು ಕುರಿ ನಿಲ್ಲಿಸಿಕೊಂಡಿದ್ದರು. ನಾವು ಹೋದಾಗ ಮಧ್ಯಾಹ್ನ. ಕುರಿಗಳು ನೆರಳಿನಲ್ಲಿ ತಲೆಗೆ ತಲೆ ಕೊಟ್ಟು ನಿಂತಿದ್ದವು. ಈರಣ್ಣ ಕಂಬಳಿ ಹಾಸಿಕೊಂಡು ಒಂದು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ನಮ್ಮ ಜೊತೆ ಭಾವ ಕರಿಯಪ್ಪನೂ ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

ಅಕ್ಕ ಮುಂದೆ ಹೋಗಿ ನೆಲದ ಮೇಲೇ ಕುಳಿತರು.

"ನಾನು ಹೊಳಲ್ಕೆರೆ ಪ್ರೆಸ್ಸಿನಾಕೆ. ನಿಮ್ಮ ಭಾವ ಸೋಮವಾರ ಬರೋರಿದ್ರು. ಅದಕ್ಕೂ ಮುಂಚೆ ಮಾತು ನನ್ನ ಅಂಗಡಿಯಿಂದ ಹೊರಗೆ ಬಂತು. ತಪ್ಪು ನಂದು. ಅವ್ರ ಮ್ಯಾಲೆ ಸಿಟ್ಟು ಮಾಡ್ಬ್ಯಾಡ್ರಿ."

"ಫೋನ್ ಮಾಡ್ದೋನು ಯಾರು?"

ತಿಪ್ಪೇಸ್ವಾಮಿ ತೆಂಗಿನ ಮರದ ಹಿಂದಿನಿಂದ ಬಂದ. ನಿಜವಾಗಿಯೂ ಹಿಂದೆ ನಿಂತಿದ್ದ. "ನಾನೇ ಕಣಣ್ಣ" ಎಂದ.

ಈರಣ್ಣ ಅವನನ್ನು ನೋಡಿ ಮುಳ್ಳು ಕೀಳುವುದನ್ನು ಮುಂದುವರಿಸಿದ. "ಹಂಗಾರೆ ಪತ್ರಿಕೇನಾಗೆ ನನ್ನ ಹೆಸ್ರು ಐತಾ?" ಎಂದು ಅಕ್ಕನನ್ನು ಕೇಳಿದ.

ಅಕ್ಕ ಚೀಲದಿಂದ ಆ ಪ್ರೂಫನ್ನು ತೆಗೆದು ಕೊಟ್ಟರು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಡಿದು ಓದಿದ. ಸುಖಾಗಮನ ಬಯಸುವವರ ಸಾಲಿನಲ್ಲಿ ಮೊದಲ ಹೆಸರು ಅವನದೇ ಇತ್ತು. ಕರಿಯಪ್ಪನ ಸ್ವಂತ ತಮ್ಮಂದಿರ ಹೆಸರುಗಳು ಅದರ ಕೆಳಗಿದ್ದವು.

"ನನ್ನ ಹೆಸ್ರಲ್ಲಿ ಊರಿಗೆಲ್ಲ ಬರ್ರಿ ಅಂತ ಕರೀತೀಯ, ನನ್ನ ಕರಿಯಾಕೆ ಮಾತ್ರ ಮರ್ತೀಯ" ಎಂದ ಈರಣ್ಣ, ಭಾವನತ್ತ ತಿರುಗಿ.

"ಮರ್ತಿಲ್ಲ ಮಾರಾಯ. ಎಲೆ ಅಡಿಕೆ ತಂದೀನಿ ನೋಡು" ಎಂದು ಕರಿಯಪ್ಪ ಟವೆಲ್ಲಿನ ಗಂಟು ಬಿಚ್ಚತೊಡಗಿದ. ಬಿಗಿದುಕೊಂಡಿದ್ದ ಗಂಟು ಅವನಿಗೆ ಬಿಚ್ಚಲು ಬರಲಿಲ್ಲ. ಕೊನೆಗೆ ಈರಣ್ಣನೇ ಎದ್ದುಬಂದು ಬಿಚ್ಚಿಕೊಂಡ. ಅಲ್ಲಿಗೆ ಮುಗಿಯಿತು.

ಎಳನೀರು ಕುಡಿದು ಹೊರಡುವಾಗ ಈರಣ್ಣ ತಿಪ್ಪೇಸ್ವಾಮಿಯನ್ನು ಕರೆದ. "ಏನಪ್ಪ ಫೋಟೋದೋನೆ, ಇಷ್ಟು ದೂರ ಬಂದೀಯ, ಈ ಟಗರಿನ ಜೊತೆ ನಂದೊಂದು ತೆಗಿ. ಚೆನ್ನಾಗಿ ಬಂದ್ರೆ ಮದ್ವೇಗೂ ನೀನೇ ಬಾ."

ಚೆನ್ನಾಗಿ ಬಂತು. ಟಗರು ಈರಣ್ಣನಿಗಿಂತ ಚೆನ್ನಾಗಿ ಬಂತು ಎಂಬುದು ಅಕ್ಕನ ಅಭಿಪ್ರಾಯ.

ವಾಪಸು ಬರುವಾಗ ಕಾರಿನಲ್ಲಿ ತಿಪ್ಪೇಸ್ವಾಮಿ ಕ್ಷಮೆ ಕೇಳಲು ಬಾಯಿ ತೆರೆದ. ಅಕ್ಕ ಬಿಡಲಿಲ್ಲ. "ನೀನು ಗಿರಾಕೀನ ಓಡೋಡಿ ಹಿಡಿಯಾಕೆ ಹೋದಾಗ ಏನಾತು? ಅವ್ನಾಗೇ ಕರ್ದಾಗ ಏನಾತು? ಅಷ್ಟು ನೋಡ್ಕ. ದಾರಿ ನೋಡ್ಕಂಡು ಹೊಡಿ" ಎಂದರು.

ಯುಗಾದಿಯ ಹಿಂದಿನ ಗುರುವಾರ ಸದಸ್ಯತ್ವದ ಸಭೆ. ಲೀಡ್ ಕೊಡದವರ ವಿಷಯ ಬಂದಾಗ ಅಕ್ಕ ತಾವೇ ಎದ್ದರು. ಬ್ಯಾಗನ್ನು ಆಗಲೇ ಹೆಗಲಿಗೆ ಹಾಕಿಕೊಂಡಿದ್ದರು. "ನಿಯಮ ಅಂದ್ರೆ ನಿಯಮ. ನಾನು ಬರ್ತೀನ್ರಿ" ಎಂದರು. ಆ ಮೆಟ್ಟಿಲು ಇಳಿದರೆ ಮಿಷನ್ ಮಾರುವುದೇ ಎಂದು ನನಗೆ ಗೊತ್ತಿತ್ತು. ಶಬಾನಾಗೆ ಬೇರೆ ಕೆಲಸ ನೋಡಿಕೋ ಎಂದು ಅವರು ಅದೇ ವಾರ ಹೇಳಿದ್ದರು.

ತಿಪ್ಪೇಸ್ವಾಮಿ, "ಕುಂತ್ಕಳ್ರಿ ಅಕ್ಕ" ಎಂದ. ನಂತರ ತನ್ನ ಅಧ್ಯಕ್ಷರ ಕುರ್ಚಿಯಿಂದ ಎದ್ದು ನಿಂತು ಪ್ರೂಫ್ ನೋಡಿದ್ದು, ಫೋನ್ ಮಾಡಿದ್ದು, ಮದುವೆ ನಿಂತುಹೋಗುವುದರಲ್ಲಿದ್ದದ್ದು, ಎಲ್ಲವನ್ನೂ ಹೇಳಿದ. ಮರದ ಹಿಂದೆ ನಿಂತದ್ದನ್ನೂ ಬಿಡಲಿಲ್ಲ. "ನಮ್ಮಲ್ಲಿ ವಾರಕ್ಕೆ ಇಷ್ಟು ನಂಬರು ಓಡಾಡ್ತಾವೆ. ಅವ್ರಲ್ಲಿ ಎಷ್ಟು ಜನಕ್ಕೆ ನಾವು ಬೇಕಾಗಿದ್ವಿ?" ಎಂದು ಕೇಳಿದ.

ಟೈಲ್ಸ್ ಅಂಗಡಿಯವರಿಗೆ ಸಮಾಧಾನವಾಗಲಿಲ್ಲ. "ಗಿರಾಕೀನೇ ಬಂದು ಕರೀಲಿ ಅನ್ನೋದಾದ್ರೆ ಇಷ್ಟೊತ್ತಿಗೆ ಎದ್ದು ಬಂದು ಇಡ್ಲಿ ಯಾಕೆ ತಿನ್ಬೇಕು? ಮನೇಲೇ ತಿನ್ನಾಣ."

ಅದಕ್ಕೆ ಅಕ್ಕ ಉತ್ತರ ಕೊಟ್ಟರು. ಆ ಗುಂಪಿನಲ್ಲಿ ಅವರು ಒಂದು ನಿಮಿಷ ಪೂರ್ತಿ ಮಾತನಾಡಿದ್ದು ಅದೇ ಮೊದಲು.

"ಒಂದು ಪತ್ರಿಕೆ ದೇವ್ರ ಮುಂದೆ ಇಟ್ಟು, ಮಿಕ್ಕಿದ್ದು ಒಯ್ಯಾಕೆ ಮದ್ವೆ ಮನೆಯೋರು ನನ್ನ ಅಂಗಡಿಗೇ ಬರ್ತಾರೆ. ಅವತ್ತು ನಾನು ಕೇಳ್ತೀನಿ, ಶಾಮಿಯಾನ ಆತಾ, ಅಡುಗೆ ಆತಾ ಅಂತ. ಆಗಿಲ್ಲ ಅಂದ್ರೆ ಹಿಂಗಿಂಗೆ ಒಬ್ರು ಅವ್ರೆ, ನನಗೆ ಗೊತ್ತಿರೋರು ಅಂತೀನಿ. ಬೇಕು ಅಂದ್ರೆ ಫೋನು ಅವ್ರ ಕೈಯಾಗೇ ಕೊಡ್ತೀನಿ. ನಿಮಗೆ ಫೋನ್ ಬಂತಾ, ಅದು ಲೀಡು. ನೀವೂ ಹಂಗೇ ಮಾಡ್ರಿ. ಸ್ವೀಟ್ ಅಂಗಡಿಯೋರಿಗೆ ನನ್ನ ನಂಬರ್ ಕೊಡ್ರಿ, ಅವ್ರ ನಂಬರ್ ನನಗೆ ಬ್ಯಾಡ. ನಿಮ್ಮ ಕೆಲ್ಸ ನಾನು ನೋಡಿರ್ಬೇಕು, ನನ್ನ ಕೆಲ್ಸ ನೀವು ನೋಡಿರ್ಬೇಕು. ನೋಡದೇ ಇದ್ದೋರ ಹೆಸ್ರು ನಾನು ಹೇಳಲ್ಲ."

"ಒಂದ್ ಸೀಜನ್ ನೋಡಾಣ ಬಿಡ್ರಿ" ಎಂದ ರುದ್ರಣ್ಣ. "ತೊಟ್ಲು ತೂಗೋದಾದ್ರೂ ತಪ್ಪುತ್ತೆ."

ಅಕ್ಕ ಹೆಗಲಿನಿಂದ ಬ್ಯಾಗು ಇಳಿಸಿದರು.

ಮುಂದಿನ ಗುರುವಾರಗಳಲ್ಲಿ ಲೀಡುಗಳ ಸಂಖ್ಯೆ ಎದ್ದು ಕಾಣುವಷ್ಟು ಕುಸಿಯಿತು. ಕೆಲವರು ಗುಂಪು ಬಿಟ್ಟರು. ಉಳಿದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಹೋಗಿ ನೋಡತೊಡಗಿದರು. ರುದ್ರಣ್ಣ ಹಾಕಿದ ಚಪ್ಪರದ ಕೆಳಗೆ ಅಕ್ಕ ಸುಮ್ಮನೆ ಒಂದು ಸುತ್ತು ಬಂದು, ಕಂಬ ಅಲ್ಲಾಡಿಸಿ ನೋಡಿ, "ಪರವಾಗಿಲ್ಲ" ಎಂದದ್ದನ್ನು ನಾನೇ ಕಂಡೆ. ವೈಶಾಖ ಬರುವ ಹೊತ್ತಿಗೆ ಬಂದ ಫೋನುಗಳಲ್ಲಿ ಬಹುಪಾಲು ಕೆಲಸವಾಗುತ್ತಿದ್ದವು. ಅಡುಗೆ ಕಂಟ್ರಾಕ್ಟರರ ಮಾತಿನ ಮೇಲೆ ಒಬ್ಬ ಸ್ವೀಟ್ ಅಂಗಡಿಯವರು ಡಬ್ಬಿ ಅಚ್ಚು ಹಾಕಿಸಲು ಹೊಳಲ್ಕೆರೆಗೆ ಬಂದರು. ಅವರ ಹಿಂದೆ ಇನ್ನಿಬ್ಬರು ಬಂದರು. ಶಬಾನಾ ಬೇರೆ ಕೆಲಸ ಹುಡುಕಲಿಲ್ಲ.

ಹೆಚ್ಚು ಗಿರಾಕಿಗಳನ್ನು ಕಳಿಸಿದವನು ಮಾತ್ರ ಗುಂಪಿಗೆ ಸೇರಿದವನೇ ಅಲ್ಲ. ಈರಣ್ಣ ಕುರಿ ನಿಲ್ಲಿಸಿದ ಊರಿನಲ್ಲೆಲ್ಲ, ಪ್ರೆಸ್ಸಿನ ಹೆಂಗಸೊಬ್ಬಳು ತೋಟಕ್ಕೆ ಬಂದು ನೆಲದ ಮೇಲೆ ಕೂತು ತಪ್ಪು ಒಪ್ಪಿಕೊಂಡ ಕಥೆ ಹೇಳುತ್ತಿದ್ದನಂತೆ. ಮತ್ತೋಡಿನಿಂದ ಭರಮಸಾಗರದವರೆಗೆ ಪತ್ರಿಕೆ ಹಾಕಿಸುವವರು ಅವನ ಹೆಸರು ಹೇಳಿಕೊಂಡು ಬರತೊಡಗಿದರು. "ಗುರುವಾರ ಬರ್ದೇ ಇರೋ ಮೆಂಬರ್ರು ಅಂದ್ರೆ ಅವ್ರೇ" ಎಂದು ಅಕ್ಕ ಸಭೆಯಲ್ಲಿ ಹೇಳಿದರು. ಆ ದಿನ ಅವರೂ ನಕ್ಕರು.

ಅವರು ನಿವೃತ್ತರಾದ ಗುರುವಾರ ನಾನೂ ಹೋಗಿದ್ದೆ. ಹಾರ ತಂದಿದ್ದರು, ಶಾಲು ತಂದಿದ್ದರು. ಅಕ್ಕ ಅಭಿನಂದನಾ ಪತ್ರವನ್ನು ಬೆರಳಿನಿಂದ ಉಜ್ಜಿ ನೋಡಿ, "ಇದು ಎಲ್ಲಿ ಅಚ್ಚು ಹಾಕ್ಸಿದ್ರಿ?" ಎಂದು ಕೇಳಿದರು. ನಮ್ಮಲ್ಲೇ ಎಂದಳು ಶಬಾನಾ. ಪ್ರೆಸ್ ಈಗ ಅವಳದು; ಕಿಟಕಿ ಪಕ್ಕದ ಕುರ್ಚಿಯೂ ಅವಳದು. ಅಕ್ಕ ಶಾಲನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಪತ್ರವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಬಸ್ಸಿಗೆ ನಡೆದರು.

ಕಳೆದ ತಿಂಗಳು ನನ್ನ ಮಗಳ ಮದುವೆ ಗೊತ್ತಾಯಿತು. ಪತ್ರಿಕೆಯ ಒಕ್ಕಣೆ ಬರೆದುಕೊಂಡು ಹೊಳಲ್ಕೆರೆಗೆ ಹೋದೆ. ಶಬಾನಾ ಟೈಪ್ ಮಾಡಿ, ಪ್ರೂಫ್ ತೆಗೆದು, ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿದಳು. ಅಷ್ಟರಲ್ಲಿ ಟೀ ಬಂತು. ಅವಳ ಕೈ ಹೋಗಿ ಪ್ರೂಫನ್ನು ಬೋರಲು ಹಾಕಿತು. ಟೀ ತಂದವನು ಹೋದ ಮೇಲೆ ಕೇಳಿದಳು.

"ಸೋದರಮಾವನಿಗೆ ಹೇಳಿದಿರಾ ಸಾರ್?"

ಹಿರಿಯೂರಿನಲ್ಲಿರುವ ನನ್ನ ಹೆಂಡತಿಯ ತಮ್ಮನ ಹೆಸರು ಸುಖಾಗಮನ ಬಯಸುವವರ ಸಾಲಿನಲ್ಲಿ ಮೊದಲಿತ್ತು. ಭಾನುವಾರ ಹೋಗಿ ಹೇಳುವುದೆಂದು ಮನೆಯಲ್ಲಿ ಮಾತಾಗಿತ್ತು. ಹಾಗೇ ಹೇಳಿದೆ.

"ಹೇಳಿ ಬರ್ರಿ ಸಾರ್. ಅಲ್ಲಿತಂಕ ಇದು ಇಲ್ಲೇ ಇರ್ತೈತೆ" ಎಂದು ಅವಳು ಪ್ರೂಫನ್ನು ಬೋರಲಾಗಿಯೇ ಮೇಜಿನ ಖಾನೆಯೊಳಗೆ ಸೇರಿಸಿದಳು.

ಭಾನುವಾರಕ್ಕೆ ಕಾಯದೆ, ಚಿತ್ರದುರ್ಗಕ್ಕೆ ಬಂದು ಹಿರಿಯೂರಿನ ಬಸ್ ಹಿಡಿದೆ. ನಿಲ್ದಾಣದಲ್ಲಿ ಇಳಿದು ಎಲೆ ಅಡಿಕೆ ಕೊಂಡೆ. ಬಾಗಿಲು ತೆರೆದ ಭಾಮೈದ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದ.

"ಏನ್ ಭಾವ, ಒಂದು ಫೋನೂ ಮಾಡ್ದೇ ಬಂದ್ಬಿಟ್ರಿ?"

"ಫೋನಿನಾಗೆ ಹೇಳೋ ಮಾತಲ್ಲ ಇದು" ಎಂದು ನಾನು ಚಪ್ಪಲಿ ಬಿಟ್ಟೆ.